ಬಲಗಾಲಿನ ರಿಬ್ಬನ್

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಹೋದ ವಾರ ಫೋನ್ ಮಾಡಿ, ಆಂಟಿ, ಮೊದಲ ದಿನ ಏನೇನು ತಗೊಂಡು ಹೋಗಲಿ ಎಂದು ಕೇಳಿದಳು. ಸೇಫ್ಟಿ ಪಿನ್ನು ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಮಾರನಹಳ್ಳಿಯಿಂದ ಒಳಗೆ ಹೋದರೆ ಸಿಗುವ ಒಂದು ಆಶ್ರಮ ಶಾಲೆಯಲ್ಲಿ ಹದಿಮೂರು ವರ್ಷ ಮಕ್ಕಳಿಗೆ ಡ್ಯಾನ್ಸ್ ಕಲಿಸಿದೆ. ಹಸಲರ ಮಕ್ಕಳು, ಮಲೆಕುಡಿಯರ ಮಕ್ಕಳು, ಜೊತೆಗೆ ಎಸ್ಟೇಟಿನ ಕೂಲಿ ಲೈನುಗಳಿಂದ ಬಂದ ಒಂದಷ್ಟು ಮಕ್ಕಳು. ವರದಿಯಲ್ಲಿ ಕಲೆ, ಆತ್ಮವಿಶ್ವಾಸ, ಸರ್ವತೋಮುಖ ಬೆಳವಣಿಗೆ ಎಂದೆಲ್ಲ ಬರೆದುಕೊಟ್ಟಿದ್ದೇನೆ. ಆದರೆ ಎಷ್ಟೋ ಸಲ ಶಾಲೆಯ ಮಾನ ಉಳಿಸಿದ್ದು ಸೇಫ್ಟಿ ಪಿನ್ನು.

ಬಡ್ತಿಯ ಕಥೆ ಇಲ್ಲಿ ಬರುವುದಿಲ್ಲ. ಬಡ್ತಿ ಸಿಗಬೇಕಾದರೆ ಮೊದಲು ಹುದ್ದೆಗೊಂದು ಹೆಸರಿರಬೇಕು. ಹಾಜರಿ ಪುಸ್ತಕದಲ್ಲಿ ಅಡುಗೆಯ ನಿಂಗಮ್ಮನ ಕೆಳಗೆ ನನ್ನ ಹೆಸರು, ಹುದ್ದೆಯ ಕಾಲಮಿನಲ್ಲಿ ‘ಇತರೆ’. ಸೇರಿದಾಗ ಇತರೆ, ಬಿಡುವಾಗಲೂ ಇತರೆ.

ಕೆಲಸ ಸಿಕ್ಕಿದ್ದು ನಮ್ಮ ಮನೆಯವರು ಹೇಳಿದ ಒಂದು ಸುಳ್ಳಿನಿಂದ. ಬಾಳ್ಳುಪೇಟೆಯಲ್ಲಿ ಅವರದು ಮೋಟಾರ್ ರಿಪೇರಿ ಅಂಗಡಿ. ಶಾಲೆಯ ಹೆಡ್‌ಮಾಸ್ಟರ್ ರುದ್ರಪ್ಪ ಮೇಷ್ಟ್ರು ಸುಟ್ಟುಹೋದ ಬೋರ್‌ವೆಲ್ ಮೋಟಾರನ್ನು ಜೀಪಿನಲ್ಲಿ ಹಾಕಿಕೊಂಡು ಬಂದಿದ್ದರು. ಕಾಯುತ್ತಾ ಕೂತವರು, ಬುಡಕಟ್ಟು ಮಕ್ಕಳಿಗೆ ವಾರಕ್ಕೆರಡು ದಿನ ಡ್ಯಾನ್ಸ್ ಕಲಿಸಬೇಕು ಅಂತ ಮೇಲಿಂದ ಕಾಗದ ಬಂದಿದೆ, ಈ ಕಾಡಿಗೆ ಯಾರು ಬಂದು ಕುಣಿಸುತ್ತಾರೆ ಎಂದು ಗೊಣಗಿದರಂತೆ. ಇವರು ತಂತಿ ಸುತ್ತುತ್ತಿದ್ದವರು ತಲೆ ಎತ್ತದೆ, ನಮ್ಮನೆಯವಳು ಕಾನ್ವೆಂಟಲ್ಲಿ ಓದಿದ್ದು, ಡ್ಯಾನ್ಸು ಗೀನ್ಸು ಎಲ್ಲ ಬತ್ತದೆ ಎಂದುಬಿಟ್ಟರು.

ಕಾನ್ವೆಂಟಿನಲ್ಲಿ ಓದಿದ್ದು ನಿಜ. ಆದರೆ ಅಲ್ಲಿ ಕ್ರಿಸ್‌ಮಸ್ ನಾಟಕದಲ್ಲಿ ಮೂರು ವರ್ಷವೂ ನನಗೆ ಕೊಟ್ಟದ್ದು ಮರದ ಪಾತ್ರ. ಸಿಸ್ಟರ್ ನನಗೆ ಕೊಟ್ಟಿದ್ದ ಒಂದೇ ಸೂಚನೆ, ಅಲ್ಲಾಡಬೇಡ. ನನ್ನ ನೃತ್ಯ ಶಿಕ್ಷಣ ಅಷ್ಟೇ.

ಮೊದಲ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು ಅಂಗಳದಲ್ಲಿ ನಿಂತು ಒನ್, ಟೂ, ತ್ರೀ, ಫೋರ್ ಎಂದೆ. ಫೋರ್ ಎನ್ನುವಷ್ಟರಲ್ಲಿ ನೆರಿಗೆ ಕಳಚಿತು. ಮಕ್ಕಳು ನಗಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಐದನೇ ಕ್ಲಾಸಿನ ಒಂದು ಹುಡುಗಿ ಅಡುಗೆಮನೆಯ ಹಿಂದೆ ಓಡಿಹೋಗಿ ನಿಂಬೆ ಗಿಡದಿಂದ ಉದ್ದನೆಯ ಮುಳ್ಳೊಂದು ಮುರಿದು ತಂದು, ನೆರಿಗೆಗೆ ಚುಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, “ಈಗ ಕುಣೀರಿ ಮಿಸ್” ಎಂದಳು. ಅವಳು ಚಂದ್ರಿ. ಕಾಲಿನ ಹೆಬ್ಬೆರಳು ಸದಾ ನೆಲದ ಮೇಲೆ ತಾಳ ಹಾಕುತ್ತಿತ್ತು, ಪ್ರಾರ್ಥನೆಯಲ್ಲೂ.

ಆ ವರ್ಷ ಇಲಾಖೆಯ ದೊಡ್ಡ ಸಾಹೇಬರೊಬ್ಬರು ಬರುತ್ತಾರೆ, ಆದಿವಾಸಿ ನೃತ್ಯ ಇರಲಿ ಎಂದು ಮೇಷ್ಟ್ರು ಹೇಳಿದರು. ಆದಿವಾಸಿ ನೃತ್ಯ ಎಂದರೆ ಏನೆಂದು ನನಗೆ ಗೊತ್ತಿತ್ತು. ಎಲ್ಲ ಕಾನ್ವೆಂಟುಗಳ ವಾರ್ಷಿಕೋತ್ಸವದಲ್ಲಿ ಇರುವುದೇ. ಸೊಂಟಕ್ಕೆ ಎಲೆ, ಮುಖಕ್ಕೆ ಮಸಿ, ಕೈಯಲ್ಲಿ ಕೋಲು, ಬಾಯಲ್ಲಿ ಅರ್ಥವಿಲ್ಲದ ಕೂಗು. ಅಪ್ಪಟ ಕಾಡಿನ ಮಕ್ಕಳನ್ನು ಎದುರಿಗೆ ನಿಲ್ಲಿಸಿಕೊಂಡು ಅವರಿಗೆ ಕಾಡಿನವರ ವೇಷ ಹಾಕಲು ಹೊರಟೆ. ಚಂದ್ರಿ ಕೇಳಿದಳು, ಇದು ಯಾರ ಡ್ಯಾನ್ಸು ಮಿಸ್ ಎಂದು. ನಿಮ್ಮದೇ ಎಂದೆ. ಅವಳು ಬಹಳ ಮರ್ಯಾದೆಯಿಂದ ತಲೆಯಾಡಿಸಿದಳು. ಹಳ್ಳದ ಬದಿಯಿಂದ ನಾನೇ ಕೊಯ್ದು ತಂದ ಅಗಲ ಎಲೆಗಳನ್ನು ನೋಡಿ, ಇದು ಕಾಡುಕೆಸ ಮಿಸ್ ಎಂದೂ ಹೇಳಿದಳು. ಹೆಸರು ಚೆನ್ನಾಗಿದೆ ಎಂದು ದಾರಕ್ಕೆ ಪೋಣಿಸಿದೆ.

ಕೆಸುವಿನ ರಸ ತಾಗಿದರೆ ಮೈ ತುರಿಸುತ್ತದೆ ಎಂಬುದನ್ನು ಅಡುಗೆಮನೆಯಲ್ಲಿ ಅಷ್ಟು ವರ್ಷ ಕಳೆದವಳು ನೆನಪಿಟ್ಟುಕೊಳ್ಳಬೇಕಿತ್ತು. ಹಾಡು ಶುರುವಾಗಿ ಒಂದು ಚರಣ ಮುಗಿಯುವುದರೊಳಗೆ ಎಂಟೂ ಮಕ್ಕಳು ಸೊಂಟ ಕೆರೆಯತೊಡಗಿದರು. ತಾಳ ಮಾತ್ರ ತಪ್ಪಲಿಲ್ಲ. ಒಂದು ಕೈ ಕೋಲಿಗೆ, ಒಂದು ಕೈ ತುರಿಕೆಗೆ. ಸಾಹೇಬರು ಭಾಷಣದಲ್ಲಿ, ಆ ಸೊಂಟದ ಮೇಲೆ ಕೈ ಆಡಿಸುವ ಚಲನೆ ಇದೆಯಲ್ಲ, ಅದು ಮೂಲ ಬುಡಕಟ್ಟು ಶೈಲಿ, ಅದನ್ನು ಉಳಿಸಿ ಬೆಳೆಸಬೇಕು ಎಂದರು. ಹಿಂದೆ ನಿಂಗಮ್ಮ ಕೊಬ್ಬರಿ ಎಣ್ಣೆ ಹಿಡಿದು ನಿಂತಿದ್ದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಸಾಹೇಬರು ಅದನ್ನು ಆನಂದಬಾಷ್ಪ ಅಂದುಕೊಂಡರಂತೆ.

ಪದ್ಧತಿಗಳು ಬದಲಾದ ಬಗೆಯನ್ನೂ ಬರೆಯಬೇಕು. ಶುರುವಿನಲ್ಲಿ ಯಾರೋ ದಾನ ಕೊಟ್ಟ ಟೇಪ್ ರೆಕಾರ್ಡರ್ ಇತ್ತು, ಕ್ಯಾಸೆಟ್ ತಿನ್ನುವುದು ಅದರ ಮುಖ್ಯ ಕೆಲಸ. ಆಮೇಲೆ ಸಿಡಿ ಬಂತು, ಒದ್ದೆ ಗಾಳಿಗೆ ಅದಕ್ಕೂ ಬೂಷ್ಟು ಹಿಡಿಯಿತು. ಆಮೇಲೆ ಪೆನ್‌ಡ್ರೈವ್. ಕೊನೆಕೊನೆಗೆ ಮಕ್ಕಳೇ ರಜೆಯಲ್ಲಿ ಯಾರದೋ ಮೊಬೈಲಿನಲ್ಲಿ ರೀಲ್ಸ್ ನೋಡಿ ಬಂದು ನನಗೆ ಹೆಜ್ಜೆ ಕಲಿಸುತ್ತಿದ್ದರು. ಕರೆಂಟ್ ಹೋದಾಗ ಮಾತ್ರ ಯಾವ ಕಾಲದಲ್ಲೂ ಒಂದೇ ಪದ್ಧತಿ, ನಿಂಗಮ್ಮನ ಅನ್ನದ ಪಾತ್ರೆ ಬೋರಲು ಹಾಕಿ ಬಡಿಯುವುದು.

ಇದರಿಂದ ಮಕ್ಕಳಿಗೇನು ಉಪಯೋಗ ಎಂದು ಬಹಳ ಜನ ಕೇಳಿದ್ದಾರೆ. ನಾನು ಕಂಡಿದ್ದು ಇಷ್ಟು. ಶುಕ್ರವಾರ ಕಾಲೋನಿಯ ಮನೆಗಳಿಗೆ ಹೋದ ಮಕ್ಕಳು ಬುಧವಾರಕ್ಕೆ ಬರುತ್ತಿದ್ದರು, ಕೆಲವರು ಬರುತ್ತಲೇ ಇರಲಿಲ್ಲ. ಮೇಷ್ಟ್ರು ಒಂದು ಕ್ಲಾಸನ್ನು ಸೋಮವಾರದ ಮೊದಲ ಪೀರಿಯಡ್‌ಗೆ, ಇನ್ನೊಂದನ್ನು ಶುಕ್ರವಾರದ ಕೊನೆಯ ಪೀರಿಯಡ್‌ಗೆ ಹಾಕಿದರು. ಎರಡನ್ನೂ ಬಿಡಲು ಮನಸ್ಸಿಲ್ಲದ ಮಕ್ಕಳು ನಡುವಿನ ಗಣಿತ, ವಿಜ್ಞಾನಕ್ಕೆ ಸಿಕ್ಕಿಬಿದ್ದರು. “ನಿಮ್ದು ಡ್ಯಾನ್ಸ್ ಅಲ್ಲ ಕಣಮ್ಮ, ಬೋನು” ಎನ್ನುತ್ತಿದ್ದರು ಮೇಷ್ಟ್ರು. ಗಣಿತದ ಮೇಷ್ಟ್ರದು ಬೇರೆ ದೂರು. ಎಂಟೆಂಟು ಎಣಿಸಿ ಕುಣಿದ ಮಕ್ಕಳು ಎಂಟರ ಮಗ್ಗಿಯನ್ನು ನಿದ್ದೆಯಲ್ಲೂ ಹೇಳುತ್ತಿದ್ದರು, ಏಳರದು ಬರುತ್ತಿರಲಿಲ್ಲ. ನಾನು ಏಳು ಎಣಿಕೆಯ ಒಂದು ಕುಣಿತ ಮಾಡಿಸಲು ಹೋಗಿ ಕಾಲು ಉಳುಕಿಸಿಕೊಂಡೆ.

ಇನ್ನು ನನ್ನ ದೊಡ್ಡ ತಪ್ಪಿನ ವಿಷಯ. ಕೆಸುವಿನ ಪ್ರಕರಣದ ಮೇಲೆ ನನಗೆ ಬುದ್ಧಿ ಬಂದಿತ್ತು, ಅಥವಾ ಬಂದಿದೆ ಎಂದುಕೊಂಡಿದ್ದೆ. ಚಂದ್ರಿ ಏಳನೇ ಕ್ಲಾಸಿಗೆ ಬಂದ ವರ್ಷ, ನಿಮ್ಮ ಕೇರಿಯಲ್ಲಿ ನಿಜವಾಗಿ ಕುಣಿಯುವುದನ್ನೇ ತೋರಿಸು ಎಂದೆ. ಅವಳನ್ನು ಸಾಕಿದ್ದು ಅಜ್ಜಿ, ಹೆಸರು ಬೆಳ್ಳಿ, ಹಾಡು ಹೇಳುವವಳು. ಚಂದ್ರಿ ಅಜ್ಜಿಯ ಹಾಡು ಹಾಡಿ, ಗೆಳತಿಯರನ್ನು ಕೈ ಕೈ ಹಿಡಿಸಿ ಒಳಮುಖವಾಗಿ ಸುತ್ತ ನಿಲ್ಲಿಸಿ ಕುಣಿದು ತೋರಿಸಿದಳು. ಮೂರೇ ಹೆಜ್ಜೆ, ಒಂದು ಬಗ್ಗು. ನೋಡುತ್ತಾ ನೋಡುತ್ತಾ ನನ್ನ ಮೈಯೇ ಬಗ್ಗತೊಡಗಿತ್ತು.

ಒಂದೇ ಒಂದು ಕೊರತೆ ಕಂಡಿತು. ಎಲ್ಲರೂ ಎಡಗಾಲಿನಿಂದ ಶುರು ಮಾಡುತ್ತಿದ್ದರು. ಮದುಮಗಳಾಗಿ ಸೇರನ್ನು ಬಲಗಾಲಿನಲ್ಲಿ ಒದ್ದು ಮನೆ ಹೊಕ್ಕವಳು ನಾನು. ವೇದಿಕೆಗೆ ಎಡಗಾಲೇ? ಸುಧಾರಿಸಿದೆ. ಮಿಸ್, ಇದು ಹಿಂಗಲ್ಲ ಎಂದಳು ಚಂದ್ರಿ. ಸ್ಟೇಜಿಗೆ ಹೀಗೇ ಎಂದೆ. ಆದರೂ ಕಾಲುಗಳು ಕೇಳಲಿಲ್ಲ, ಎಡಗಾಲೇ ಮುಂದೆ ಬರುತ್ತಿತ್ತು. ಕೊನೆಗೆ ಬಾಳ್ಳುಪೇಟೆಯಿಂದ ಕೆಂಪು ರಿಬ್ಬನ್ ತಂದು ಎಲ್ಲರ ಬಲಗಾಲಿಗೆ ಹೂವಿನ ಗಂಟು ಹಾಕಿ ಕಟ್ಟಿದೆ. ರಿಬ್ಬನ್ ಕಾಲು ಮೊದಲು, ರಿಬ್ಬನ್ ಕಾಲು ಮೊದಲು ಎಂದು ಒಂದು ತಿಂಗಳು ಚೀರಿದೆ. ಕೈ ಹಿಡಿದು ಒಳಮುಖ ನಿಂತವರು ಬಲಗಾಲು ಮೊದಲಿಟ್ಟರೆ ಇಡೀ ಸುತ್ತು ಬಲಕ್ಕೆ ತಿರುಗುತ್ತದೆ. ತಿರುಗಲಿ, ಏನೀಗ ಎಂದುಕೊಂಡೆ.

ವಾರ್ಷಿಕೋತ್ಸವಕ್ಕೆ ಎಸ್ಟೇಟ್ ಮಾಲೀಕ ಈರೇಗೌಡರು ಮುಖ್ಯ ಅತಿಥಿ. ಮಕ್ಕಳಿಗೆ ಬ್ಯಾಗು ಕೊಟ್ಟವರು, ಕಾಲೋನಿಯ ಅರ್ಧ ಜನ ಅವರ ತೋಟದಲ್ಲೇ ಕೆಲಸಕ್ಕೆ. ನನಗೆ ಹೊಸ ಯೋಚನೆ ಹೊಳೆಯಿತು. ಅವರಿಗೆ ಹಾರ ಹಾಕಿ, ಅಂಗಳದ ನಡುವೆ ಕುರ್ಚಿಯಲ್ಲಿ ಕೂರಿಸಿ, ಅವರ ಸುತ್ತಲೇ ಕುಣಿಸಿದರೆ ಗೌರವ. ಹಾಗೇ ಮಾಡಿದೆ. ಗೌಡರು ಸೇವಂತಿಗೆ ಹಾರದೊಳಗೆ ಮುಳುಗಿ ಕೈಮುಗಿದು ಕೂತರು. ಚಂದ್ರಿ ಮುಂದಾಳು. ಸುತ್ತು ಬಲಕ್ಕೆ ತಿರುಗಿತು, ಒಂದು ಕಾಲೂ ತಪ್ಪಲಿಲ್ಲ. ಆ ವರ್ಷ ಮೊದಲ ಬಾರಿ ಶಾಲೆಗೆ ಬಂದಿದ್ದ ಬೆಳ್ಳಿ ಅಜ್ಜಿ ಎರಡನೇ ಸುತ್ತಿಗೆ ಎದ್ದು ನಿಂತಳು. ಮೂರನೇ ಸುತ್ತಿಗೆ ಕಾಲೋನಿಯ ಹೆಂಗಸರೆಲ್ಲ ಎದ್ದು ಸಾಲಾಗಿ ಹೊರಟುಹೋದರು. ಬಸ್ಸಿಗೆ ಹೊತ್ತಾಯಿತೇನೋ ಎಂದುಕೊಂಡೆ.

ಮಾರನೆಯ ದಿನದಿಂದ ಚಂದ್ರಿ ಇಲ್ಲ. ಒಂದು ವಾರ ಹೋಯಿತು, ಎರಡು ಹೋಯಿತು. ನಮ್ಮ ಶಾಲೆ ಏಳನೇ ಕ್ಲಾಸಿಗೇ ಮುಗಿಯುತ್ತದೆ. ಎಂಟಕ್ಕೆ ಸಕಲೇಶಪುರದ ಹಾಸ್ಟೆಲ್ ಸೇರಬೇಕು, ಅದರ ಅರ್ಜಿಗೆ ಅಜ್ಜಿಯ ಹೆಬ್ಬೆಟ್ಟು ಬೇಕು, ಕೊನೆಯ ದಿನ ಹತ್ತಿರ ಬರುತ್ತಿತ್ತು. ಆ ಹಾಸ್ಟೆಲ್ಲಿನಲ್ಲಿ ಆಳೆತ್ತರದ ಕನ್ನಡಿ ಇದೆ, ಕುಣಿಯುವಾಗ ಪಾದದವರೆಗೂ ಕಾಣುತ್ತದೆ ಎಂದು ಚಂದ್ರಿ ವರ್ಷವೆಲ್ಲ ಹೇಳಿಕೊಂಡು ತಿರುಗಿದ್ದಳು. ಈಗ ನಿಂಗಮ್ಮ ಸುದ್ದಿ ತಂದಳು, ಅವಳ ಚಿಕ್ಕಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹತ್ತಿರ ಮಾತಾಡಿಬಿಟ್ಟಿದ್ದಾಳಂತೆ, ವಯಸ್ಸು ಜಾಸ್ತಿ ಹೇಳಿ ತೋಟದ ಕೆಲಸಕ್ಕೆ ಹಚ್ಚುತ್ತಾರಂತೆ.

ನಿಂಗಮ್ಮನನ್ನು ಕರೆದುಕೊಂಡು ಕಾಲೋನಿಗೆ ಹೋದೆ. ಅಜ್ಜಿ ಒಲೆಯ ಮುಂದೆ ಉಪ್ಪುನೀರಿನಿಂದ ತೆಗೆದ ಬಿದಿರ ಕಳಲೆ ಹೆಚ್ಚುತ್ತಾ ಕೂತಿದ್ದಳು. ಚಂದ್ರಿ ಬಾಗಿಲ ಹಿಂದೆ, ಹೆಬ್ಬೆರಳು ಮಾತ್ರ ಕಾಣುತ್ತಿತ್ತು. ಅದು ತಾಳ ಹಾಕುತ್ತಿರಲಿಲ್ಲ. ನಾನು ವಿದ್ಯೆ, ಭವಿಷ್ಯ, ಹೆಣ್ಣುಮಗು ಎಂದು ವರದಿಯ ಭಾಷೆಯಲ್ಲಿ ಶುರು ಮಾಡಿದೆ. ಅಜ್ಜಿ ಎಲ್ಲ ಕೇಳಿಸಿಕೊಂಡು ಕತ್ತಿ ಕೆಳಗಿಟ್ಟಳು.

“ಅಮ್ಮಾರೆ, ಅವತ್ತು ಯಾರ್ ಸತ್ತಿದ್ರು?”

ನನಗೆ ಅರ್ಥವಾಗಲಿಲ್ಲ.

“ಬಲಕ್ಕೆ ಸುತ್ತೋದು ಸತ್ತೋರ್ ಸುತ್ತ. ನಾವು ಎಡಗಾಲು ಎತ್ತದು ಬದುಕಿರೋರ್ಗೆ. ಹಾರ ಹಾಕಿ, ಕುರ್ಚೀಲಿ ಕೂರ್ಸಿ, ಉಸ್ರಾಡ್ತಿರೋ ಮನ್ಸನ್ನ ನನ್ ಮೊಮ್ಮಗಳ ಕೈಲಿ ಕಳಿಸ್ಬುಟ್ರಲ್ಲ ನೀವು.”

ನಾನು ಅಲ್ಲೇ ಸಗಣಿ ಸಾರಿಸಿದ ನೆಲದ ಮೇಲೆ ಕೂತುಬಿಟ್ಟೆ. ಬೇರೆ ಕೇರಿಗಳಲ್ಲಿ ಹೇಗೋ, ಈ ಕೇರಿಯಲ್ಲಿ ಹೀಗೆ. ಅಷ್ಟಕ್ಕೂ ನಮ್ಮ ಜನರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಹಾರ ಹಾಕಿ ಕೂರಿಸುತ್ತಾರೆ. ನಮ್ಮ ಮಾವನವರನ್ನು ಹಾಗೇ ಕೂರಿಸಿದ್ದನ್ನು ಕಣ್ಣಾರೆ ನೋಡಿದ ನನಗೂ ಅವತ್ತು ಏನೂ ಹೊಳೆದಿರಲಿಲ್ಲ. ನಿಂಗಮ್ಮ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಅದು ಗಾಬರಿಯಲ್ಲ ಎಂದು ಅವಳ ಭುಜ ನೋಡಿದರೆ ಗೊತ್ತಾಗುತ್ತಿತ್ತು.

ಸಾಲದ್ದಕ್ಕೆ ವಾರ್ಷಿಕೋತ್ಸವ ಮುಗಿದ ಮೂರನೇ ದಿನ ಈರೇಗೌಡರು ನೆಗಡಿ ಜ್ವರ ಬಂದು ಮಲಗಿದ್ದರಂತೆ. ಇಡೀ ಕಾಲೋನಿ ಉಸಿರು ಬಿಗಿಹಿಡಿದು ಕಾದಿತ್ತು. ಮುಂದಾಳಾಗಿ ಸುತ್ತಿಸಿದವಳು ಚಂದ್ರಿ, ಹೆಚ್ಚುಕಡಿಮೆಯಾದರೆ ಅಪವಾದ ಅವಳ ಮೇಲೆ. ಅದಕ್ಕೇ ಅಜ್ಜಿ ಅವಳನ್ನು ಶಾಲೆಯ ಅಂಗಳಕ್ಕೆ ಕಳಿಸದೆ ಇಟ್ಟುಕೊಂಡಿದ್ದಳು.

ಬಾಗಿಲ ಹಿಂದಿನಿಂದ ಚಂದ್ರಿಯನ್ನು ಕರೆದು, ನಿನಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು. “ಹೇಳ್ದೆ ಮಿಸ್. ಸ್ಟೇಜಿಗೆ ಹಿಂಗೇ ಅಂದ್ರಿ. ಸ್ಟೇಜ್ ಮ್ಯಾಲೆ ಫೋಟೋಕ್ಕೆಲ್ಲ ಹಾರ ಹಾಕಿ ದೀಪ ಹಚ್ತಾರಲ್ಲ, ಎಲ್ಲ ಸತ್ತೋರೆ. ಅವ್ರಿಗೆ ಅಂದ್ಕಂಡೆ. ಗೌಡ್ರನ್ನ ನಡೂಕ್ ಕೂರ್ಸಿದ್ದು ಆಮ್ಯಾಕೆ.”

ಇದಕ್ಕೆ ಪರಿಹಾರ ಏನು ಎಂದು ಕೇಳಿದೆ. ಸುತ್ತಿದ್ದನ್ನು ಬಿಚ್ಚಬೇಕು ಎಂದಳು ಅಜ್ಜಿ. ಅದೇ ಅಂಗಳ, ಅದೇ ಕುರ್ಚಿ, ಅದೇ ಮನುಷ್ಯ. ಎಡಕ್ಕೆ ಸುತ್ತಬೇಕು. ಬಲಗಾಲು ಕಲಿಸಿದವಳೂ ಸುತ್ತಿನಲ್ಲಿ ಇರಬೇಕು. ಅದಾದ ಮೇಲೆ ಹೆಬ್ಬೆಟ್ಟು.

ರುದ್ರಪ್ಪ ಮೇಷ್ಟ್ರಿಗೆ ಹೇಳಿದರೆ ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು. “ಅಲ್ಲಮ್ಮಾ, ಗೌಡ್ರಿಗೆ ಏನಂತ ಹೇಳಾನ? ಸಾರ್, ತಮ್ಮ ತಿಥಿ ಮಾಡ್ಬುಟ್ಟಿದೀವಿ, ಕ್ಯಾನ್ಸಲ್ ಮಾಡೋಕೆ ಬನ್ನಿ ಅನ್ನಾನ?” ಕೊನೆಗೆ ಕಾನ್ವೆಂಟಿನಲ್ಲಿ ಕಲಿತ ಇನ್ನೊಂದು ವಿದ್ಯೆ ಉಪಯೋಗಕ್ಕೆ ಬಂತು, ಮೆತ್ತಗಿನ ದನಿಯಲ್ಲಿ ಸುಳ್ಳು ಹೇಳುವುದು. ವಿಡಿಯೋ ಸರಿಯಾಗಿ ಬಂದಿಲ್ಲ ಸರ್, ತಾವು ಇನ್ನೊಂದು ಸಲ ಕೂತರೆ ಇಲಾಖೆಗೆ ಕಳಿಸಬಹುದು ಎಂದು ಫೋನ್ ಮಾಡಿದೆ. ಗೌಡರಿಗೆ ಖುಷಿಯೋ ಖುಷಿ. ಸೋಮವಾರ ಬೆಳಿಗ್ಗೆ ಅದೇ ಕೋಟು ಹಾಕಿ, ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದರು. ಮೂಗು ಇನ್ನೂ ಕೆಂಪಗಿತ್ತು.

ಹಾರ ಹಾಕುವುದು ಬೇಡವೆಂದು ಅಜ್ಜಿ ಮೊದಲೇ ಹೇಳಿದ್ದಳು. ಹಾರ ಎಲ್ಲಿ ಎಂದು ಗೌಡರು ಕೇಳಿದರು. ಹೂವು ಸಿಗಲಿಲ್ಲ ಎಂದೆ. ಕಾಲೋನಿಯ ಹೆಂಗಸರು ಗೋಡೆಯ ಪಕ್ಕ ಸಾಲಾಗಿ ನಿಂತಿದ್ದರು, ಒಬ್ಬರ ಮುಖದಲ್ಲೂ ನಗುವಿಲ್ಲ. ನಾನು ಚಂದ್ರಿಯ ಕೈ ಹಿಡಿದು ಸುತ್ತಿನಲ್ಲಿ ನಿಂತೆ. ಅವಳು ಬಗ್ಗಿ, ಬಿಚ್ಚಲೆಂದೇ ಬಲಗಾಲಿಗೆ ಕಟ್ಟಿಕೊಂಡು ಬಂದಿದ್ದ ಕೆಂಪು ರಿಬ್ಬನ್ ಬಿಚ್ಚಿ ನನ್ನ ಎಡಗಾಲಿಗೆ ಕಟ್ಟಿದಳು. ಹೂವಿನ ಗಂಟಲ್ಲ, ಹಸು ಕಟ್ಟುವ ಗಂಟು.

“ರಿಬ್ಬನ್ ಕಾಲು ಮೊದ್ಲು ಮಿಸ್” ಎಂದಳು.

ಅಜ್ಜಿ ಹಾಡು ಎತ್ತಿದಳು. ಸುತ್ತು ಎಡಕ್ಕೆ ತಿರುಗಿತು. ಮರವಾಗಿ ಮೂರು ವರ್ಷ ನಿಂತವಳ ಕಾಲು ಎರಡು ಸಲ ತಪ್ಪಿತು, ಎರಡು ಸಲವೂ ಚಂದ್ರಿ ಅಂಗೈ ಹಿಂಡಿದಳು. ಅಷ್ಟರಲ್ಲಿ ಗೌಡರು ಕೈ ಎತ್ತಿದರು.

“ನಿಲ್ಸಿ, ನಿಲ್ಸಿ. ಅವತ್ತು ಬಲಗಾಲಲ್ವಾ? ಇದೇನು ಮೇಡಂ, ಮಕ್ಕಳು ಎಡಗಾಲಿಡ್ತಾವೆ. ಅಪಶಕುನ ಕಣ್ರೀ. ವಿಡಿಯೋ ಬೇರೆ.”

ಹಾಡು ನಿಂತಿತು. ಮೇಷ್ಟ್ರು ಕನ್ನಡಕ ತೆಗೆದರು. ನನ್ನ ಮೆತ್ತಗಿನ ದನಿ ಎಲ್ಲಿ ಹೋಯಿತೋ. ಸುತ್ತನ್ನು ಈಗ ಬಲಕ್ಕೆ ತಿರುಗಿಸಿದರೆ ಅಜ್ಜಿ ಎದ್ದು ಹೋಗುತ್ತಾಳೆ, ಅರ್ಜಿ ನನ್ನ ಬ್ಯಾಗಿನಲ್ಲೇ ಉಳಿಯುತ್ತದೆ. ಚಂದ್ರಿ ನನ್ನ ಕೈ ಬಿಟ್ಟು ಒಂದು ಹೆಜ್ಜೆ ಮುಂದೆ ಹೋದಳು. ಎರಡು ವರ್ಷದ ಹಿಂದೆ ದೊಡ್ಡ ಮನುಷ್ಯರು ಬಂದರೆ ಕಂಬದ ಹಿಂದೆ ನಿಲ್ಲುತ್ತಿದ್ದ ಹುಡುಗಿ.

“ಗೌಡ್ರೆ, ಗುಡಿ ಸುತ್ತ ಬರೋವಾಗ ದ್ಯಾವ್ರು ನಿಮ್ಗೆ ಯಾವ್ ಕೈ ಕಡೆ ಇರ್ತಾನೆ?”

ಗೌಡರು ಕೂತಲ್ಲೇ ಮನಸ್ಸಿನಲ್ಲಿ ಒಂದು ಸುತ್ತು ಬಂದರು. “ಬಲಗೈ ಕಡೆ.”

“ಹಂಗೇ ಹೋಗ್ತಾ ಹೋಗ್ತಾ ದ್ಯಾವ್ರ ಕಡೆ ಮಖ ಮಾಡ್ಕಂಡ್ ನೋಡಿ. ಎಡಕ್ಕೇ ಹೋಗ್ತೀರಿ. ನಾವೂ ಅದ್ನೇ ಮಾಡ್ತಿರದು.”

ಗೌಡರು ಎದ್ದು ನಿಂತು ಕುರ್ಚಿಯನ್ನೇ ದೇವರು ಮಾಡಿಕೊಂಡು ಒಂದು ಸುತ್ತು ನಿಜವಾಗಿಯೂ ಬಂದು ನೋಡಿದರು. ಸರಿ ಎನಿಸಿತು. ಕೂತರು. ಆಮೇಲೆ ಅವರ ಮುಖ ನಿಧಾನವಾಗಿ ಬದಲಾಯಿತು.

“ಹಂಗಾರೆ ಅವತ್ತು ಬಲಕ್ಕೆ ಸುತ್ತಿದ್ದು?”

ನಾನು ಬಾಯಿ ತೆರೆಯುವುದರೊಳಗೆ ಚಂದ್ರಿ ಹೇಳಿಯೇಬಿಟ್ಟಳು. “ಅದು ಸತ್ತೋರ್ಗೆ. ಮಿಸ್ಸಿಗೆ ಗೊತ್ತಿರ್ಲಿಲ್ಲ, ಪಾಪ. ಅದ್ನೇ ಈಗ ಬಿಚ್ತಾ ಇರದು.”

ಗೌಡರು ನನ್ನನ್ನು ನೋಡಿದರು. ತಮ್ಮ ಕೋಟನ್ನು ನೋಡಿಕೊಂಡರು. ಮೂಗು ಒರೆಸಿಕೊಂಡರು. ಆ ನೆಗಡಿಯ ಬಗ್ಗೆ ಅವರು ಲೆಕ್ಕ ಹಾಕುತ್ತಿದ್ದಾರೆಂದು ನನಗೆ ಗೊತ್ತಾಯಿತು. ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಕುರ್ಚಿಯ ಕೈಗಳನ್ನು ಎರಡೂ ಕಡೆ ಗಟ್ಟಿಯಾಗಿ ಹಿಡಿದುಕೊಂಡು ಅಜ್ಜಿಯ ಕಡೆ ತಿರುಗಿದರು.

“ಬೆಳ್ಳಕ್ಕ, ಎಷ್ಟು ಸುತ್ತು ಹಾಕ್ಬೇಕು?”

“ಮೂರು.”

“ಐದು ಹಾಕ್ಬುಡಿ.”

ಅಲ್ಲಿಗೆ ಹೆಂಗಸರ ಸಾಲು ಮುರಿಯಿತು. ಮೊದಲು ನಕ್ಕವಳು ನಿಂಗಮ್ಮ, ಆಮೇಲೆ ಎಲ್ಲರೂ ನಗುತ್ತಲೇ ಸುತ್ತಿನೊಳಗೆ ನುಗ್ಗಿದರು. ಐದು ಸುತ್ತು ಎಂದದ್ದು ಎಷ್ಟಾಯಿತೋ, ಎಂಟರ ಮಗ್ಗಿಯ ಮಕ್ಕಳೂ ಎಣಿಸಲಿಲ್ಲ. ಗಣಿತದ ಪೀರಿಯಡ್ ಪೂರ್ತಿ ಹೋಯಿತು. ಅಜ್ಜಿ ಅಂಗಳದಲ್ಲೇ ಅರ್ಜಿಗೆ ಹೆಬ್ಬೆಟ್ಟು ಒತ್ತಿ, ಮಿಕ್ಕ ಶಾಯಿಯನ್ನು ನನ್ನ ಸೆರಗಿಗೆ ಒರೆಸಿದಳು. ಅಂದಿನಿಂದ ಕಾಲೋನಿಯ ಹೆಂಗಸರು ಶಾಲೆಗೆ ಕರೆಯದೆಯೂ ಬರತೊಡಗಿದರು. ಗೋಡೆಯ ಮೇಲೆ ಕೂತು ನನ್ನ ಕ್ಲಾಸಿಗೆ ತಪ್ಪು ಹುಡುಕುವುದು ಅವರಿಗೆ ಬಹಳ ಇಷ್ಟದ ಕೆಲಸ. ಈರೇಗೌಡರು ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಸಿಕ್ಕಾಗ, ನಿಮ್ಮ ದಯೆ ಮೇಡಂ ಎನ್ನುತ್ತಾರೆ, ಅದು ಹೊಗಳಿಕೆಯೋ ಅಲ್ಲವೋ ಎಂದು ನಾನು ಕೇಳಿಲ್ಲ.

ನನ್ನ ಜಾಗಕ್ಕೆ ಬಂದಿರುವ ಹುಡುಗಿಗೆ ಹೇಳುವುದಿಷ್ಟೇ. ಮಕ್ಕಳು, ಮಿಸ್, ಇದು ಹಿಂಗಲ್ಲ ಎಂದರೆ ಹಾಡು ನಿಲ್ಲಿಸಿ ಕೇಳು. ನಿನ್ನ ಸ್ಟೇಜು ಎಲ್ಲಿಗೂ ಓಡಿಹೋಗುವುದಿಲ್ಲ.

ಆ ವರ್ಷ ಜೂನ್‌ನಲ್ಲಿ ಚಂದ್ರಿಯನ್ನು ಹಾಸ್ಟೆಲ್ಲಿಗೆ ಬಿಡಲು ಅಜ್ಜಿಯ ಜೊತೆ ನಾನೂ ಹೋಗಿದ್ದೆ. ಕೈಯಲ್ಲಿ ಗೌಡರು ಕೊಟ್ಟಿದ್ದ ಬ್ಯಾಗು, ಜಡೆಗೆ ಅದೇ ಕೆಂಪು ರಿಬ್ಬನ್. ಬಾಗಿಲಲ್ಲಿ ವಾರ್ಡನ್ ಅಮ್ಮ, ಒಳ್ಳೆಯ ಹೆಂಗಸು, ಬಾ ಮಗಾ, ಬಲಗಾಲಿಟ್ಟು ಒಳಗೆ ಬಾ ಎಂದರು. ಚಂದ್ರಿ ಹೊಸ್ತಿಲ ಮುಂದೆ ನಿಂತುಬಿಟ್ಟಳು. ಅಜ್ಜಿಯ ಮುಖ ನೋಡಿದಳು, ಅಜ್ಜಿ ನನ್ನನ್ನು ನೋಡಿದಳು, ನಾನು ಗೋಡೆಯ ಮೇಲಿದ್ದ ನಿಯಮಗಳ ಬೋರ್ಡು ಓದತೊಡಗಿದೆ.

ಚಂದ್ರಿ ಬ್ಯಾಗು ಎದೆಗೊತ್ತಿಕೊಂಡು, ಎರಡೂ ಕಾಲು ಜೋಡಿಸಿ, ಒಂದೇ ನೆಗೆತಕ್ಕೆ ಒಳಗೆ ಹಾರಿದಳು.